ಆಷಾಢದಲ್ಲಿ ಕೊಂಡ ಮನೆ

ಸ್ವೆಟರನ್ನು ನಾನು ಯುಗಾದಿಯ ಹೊತ್ತಿಗೆ ಕೊಳ್ಳುತ್ತೇನೆ, ಛತ್ರಿಯನ್ನು ಮಾಘದಲ್ಲಿ. ದೀಪಾವಳಿ ಮುಗಿದ ವಾರ ಪಣತಿ ಕೊಂಡು ಮುಂದಿನ ವರ್ಷಕ್ಕೆ ಕಟ್ಟಿಡುತ್ತೇನೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಅಂತ ಹಿರಿಯರು ಹೇಳಿದ್ದಾರೆ, ನಿಜ. ಆದರೆ ಗಾಳಿ ಬಂದಾಗ ಊರೆಲ್ಲ ಕಣದಲ್ಲಿ ನಿಂತಿರುತ್ತದೆ, ಎಲ್ಲರ ಹೊಟ್ಟೂ ನನ್ನ ಕಣ್ಣಿಗೇ ಬೀಳುತ್ತದೆ. ನನಗೆ ನೂಕುನುಗ್ಗಲು ಆಗಿಬರುವುದಿಲ್ಲ. ನಾಲ್ಕು ಜನ ಒಟ್ಟಿಗೆ ಒಂದು ಸೀರೆಗೆ ಕೈ ಹಾಕಿದರೆ ನಾನು ಅಂಗಡಿಯಿಂದಲೇ ಎದ್ದು ಬರುತ್ತೇನೆ. ಇದನ್ನು ಬಂದವರ ಮುಂದೆಲ್ಲ ಹೇಳಿಕೊಂಡು ನಗುವುದು ನಮ್ಮ ಯಜಮಾನರ ಚಾಳಿ. “ಇಕಿ ಸ್ವರ್ಗಕ್ಕ ಹೋದ್ರೂ ಗದ್ಲ ಇಲ್ಲದ ದಿನಾ ನೋಡಿ ಹೋಗ್ತಾಳ್ರಿ” ಎನ್ನುತ್ತಾರೆ.

ಈ ಬುದ್ಧಿ ನನಗೆ ಬಂದದ್ದು ಹೊಲಿಗೆಯಿಂದ. ನಾನು ಜಂಪರು ಹೊಲಿಯುವವಳು. ಲಗ್ನದ ದಿನಗಳಲ್ಲಿ ನನ್ನ ಮಶೀನಿನ ಮುಂದೆ ಹೆಂಗಸರು ಜಗಳಾಡುತ್ತಾರೆ, ಯಾರ ತೋಳು ಯಾರ ಬೆನ್ನಿಗೆ ಕೂಡುತ್ತದೆಯೋ ನನಗೇ ಗೊತ್ತಾಗದಷ್ಟು ಅವಸರ. ಅದೇ ಆಷಾಢ ಬಂತೆಂದರೆ ಒಬ್ಬರೂ ಇತ್ತ ಸುಳಿಯುವುದಿಲ್ಲ. ಲಗ್ನವಿಲ್ಲ, ಮುಂಜಿಯಿಲ್ಲ, ಮುಹೂರ್ತವಿಲ್ಲ. ಆಗ ಒಂದು ಜಂಪರು ತಂದುಕೊಟ್ಟವರಿಗೆ ನಾನು ಹೊಲಿದುಕೊಡುವ ಹೊಲಿಗೆಯೇ ಬೇರೆ. ಚಹಾ ಕುಡಿಸಿ, ಎರಡು ಸಲ ಅಳತೆ ತೆಗೆದು, ಕೊರಳಿಗೆ ಪೈಪಿಂಗ್ ಬೇಕೇನು ಅಂತ ನಾನೇ ಕೇಳುತ್ತೇನೆ. ಅವಸರವಿಲ್ಲದ ಮನುಷ್ಯರಿಂದಲೇ ಒಳ್ಳೆಯ ಮಾಲು ಸಿಗುವುದು ಎಂಬುದು ನನ್ನ ಗಟ್ಟಿ ನಂಬಿಕೆ.

ಆದರೆ ಮನೆಯನ್ನೂ ಹೀಗೆಯೇ ಕೊಂಡೆವು ಎಂದರೆ ಜನ ಮೂಗಿನ ಮೇಲೆ ಬೆರಳಿಡುತ್ತಾರೆ.

ಆಗ ನಾವು ಅಂಕಲಿಯ ಹತ್ತಿರ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿದ್ದೆವು. ನಾನು, ಯಜಮಾನರು, ನಮ್ಮ ಅತ್ತೆ, ಅತ್ತೆಯ ಎಮ್ಮೆ. ಹೊಳೆಯ ಮೇಲೆ ನನಗೇನೂ ಸಿಟ್ಟಿಲ್ಲ. ವರ್ಷದ ಬಹುಪಾಲು ಅದು ಮೈತುಂಬ ಸೆರಗು ಹೊದ್ದ ಗೃಹಿಣಿಯೇ. ಮಳೆಗಾಲದಲ್ಲಿ ಮೇಲಿನ ಆಣೆಕಟ್ಟುಗಳಿಂದ ನೀರು ಬಿಟ್ಟರು ಎಂಬ ಸುದ್ದಿ ಬಂದರೆ ಮಾತ್ರ ನಮ್ಮ ಓಣಿಯಲ್ಲಿ ಗಂಟು ಕಟ್ಟುವುದು ಶುರು. ಹಾಸಿಗೆಯ ಗಂಟು, ಕಾಳಿನ ಗಂಟು, ದೇವರ ಗಂಟು. ಎಲ್ಲವನ್ನೂ ಹೊತ್ತುಕೊಂಡು ದಿನ್ನೆಯ ಮೇಲಿನ ಶಾಲೆಗೆ ಹೋಗಿ ಕೂಡುವುದು, ನೀರು ಇಳಿದ ಮೇಲೆ ಬಂದು ಕೆಸರು ಬಳಿಯುವುದು. ಹೊಳೆ ಬರದೆ ಇದ್ದ ವರ್ಷಗಳಲ್ಲೂ ಬಂದೀತು ಎಂಬ ಅಂಜಿಕೆಯಿಂದ ಗಂಟುಗಳನ್ನು ಕಟ್ಟಿಯೇ ಇಡುತ್ತಿದ್ದೆವು. ಶ್ರಾವಣ ಮುಗಿಯುವವರೆಗೆ ಉಪ್ಪು ಬೇಕಾದರೂ ಗಂಟು ಬಿಚ್ಚಬೇಕಾಗಿತ್ತು.

ಮನೆ ಕೊಂಡದ್ದಕ್ಕೆ ಹಿಂದಿನ ವರ್ಷ ಹೊಳೆ ಬಂದು ಶಾಲೆಯ ಪಡಸಾಲೆಯಲ್ಲಿ ಕೂತಾಗ ಅತ್ತೆ ಒಂದು ಮಾತು ಆಡಿದರು. ಅವರ ಮೊಣಕಾಲು ಅಷ್ಟು ಹೊತ್ತಿಗೆ ಪೂರಾ ಕೈಕೊಟ್ಟಿದ್ದವು. ಮಗನೇ ಎತ್ತಿಕೊಂಡು ದಿನ್ನೆ ಹತ್ತಿಸಿದ್ದರು. ಓಣಿಯ ಮಂದಿಯ ಮುಂದೆ ಹಾಗೆ ಎತ್ತಿಸಿಕೊಂಡದ್ದು ಅವರಿಗೆ ಭಾಳ ನಾಚಿಕೆಯಾಗಿತ್ತು. “ಇದ ಕಡೀ ಸರ್ತಿ. ಮುಂದ ಹೊಳಿ ಬಂದ್ರ ನಾ ಮ್ಯಾಲ ಬರೂದಿಲ್ಲ. ನೀವ ಹೋಗ್ರಿ. ನಾ, ಎಮ್ಮಿ ಇಲ್ಲೇ ಇರ್ತೀವಿ” ಎಂದರು. ಅವರು ದಿನಕ್ಕೊಂದು ಹಠ ಹಿಡಿಯುವವರು. ಆದರೆ ಹಠ ಹಿಡಿದಾಗ ದನಿ ಏರುತ್ತದೆ. ಈ ಮಾತನ್ನು ಮೆಲ್ಲಗೆ, ನೆಲ ನೋಡುತ್ತ ಆಡಿದರು. ನನಗೆ ಹೆದರಿಕೆಯಾಯಿತು. ಮುಂದಿನ ಮಳೆಗಾಲ ಬರುವುದರೊಳಗೆ, ಗಂಟು ಕಟ್ಟದೆ ಇರಬಹುದಾದ ಒಂದು ಮನೆ ಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ.

ಮೊದಲು ಎಲ್ಲರಂತೆ ಸೀಜನ್ನಿನಲ್ಲೇ ಹುಡುಕಿದೆವು. ನಮ್ಮ ಕಡೆ ಮನೆಗಳಿಗೂ ಸೀಜನ್ ಇದೆ. ಕಬ್ಬು ಕಾರ್ಖಾನೆಗೆ ಹೋಗಿ ಬಿಲ್ಲು ಕೈಗೆ ಬಂದ ಮೇಲೆ ಅಥಣಿ, ರಾಯಬಾಗ, ಕಾಗವಾಡ, ಎಲ್ಲ ಕಡೆಯವರೂ ಒಮ್ಮೆಲೇ ಮನೆ ನೋಡಲು ಹೊರಡುತ್ತಾರೆ. ಏಕಸಂಬಿಯಲ್ಲಿ ಒಂದು ಮನೆ ನೋಡಲು ಹೋದರೆ ಬಾಗಿಲಲ್ಲಿ ಆಗಲೇ ಮೂರು ಜತೆ ಚಪ್ಪಲಿ. ದಲ್ಲಾಳಿ ಕೀಲಿಗೊಂಚಲು ಆಡಿಸುತ್ತ, “ಲಗೂ ನೋಡಿ ಹೇಳ್ರಿ ಅಕ್ಕಾರ, ಹೊರಗ ಮಂದಿ ನಿಂತಾರ” ಎನ್ನುತ್ತಿದ್ದ. ಗೋಡೆಗೆ ಹೊಸ ಬಣ್ಣ, ಬಾಗಿಲಿಗೆ ಹೊಸ ತೋರಣ. ವರ ಬರುತ್ತಾನೆಂದು ಪೌಡರು ಬಳಿದು ಕೂರಿಸಿದ ಹುಡುಗಿಯ ಹಾಗೆ ಎಲ್ಲ ಮನೆಗಳೂ ಒಂದೇ ತರಹ ಕಾಣುತ್ತಿದ್ದವು. ಸೋರುತ್ತದೇನು ಅಂತ ಬಿಸಿಲಿನಲ್ಲಿ ನಿಂತು ಕೇಳಿದರೆ ಯಾವ ಮಾಲೀಕ ಹೌದು ಎನ್ನುತ್ತಾನೆ? ನನಗೆ ತಲೆ ಕೆಟ್ಟುಹೋಯಿತು. ಎಂದಿನಂತೆ ಎದ್ದು ಬಂದೆ.

ಮತ್ತೆ ಮಳೆಗಾಲ ಬಂತು, ಆಷಾಢವೂ ಬಂತು. ನಮ್ಮ ಯಜಮಾನರು ಹಾಲಿನ ಗಾಡಿ ಹೊಡೆಯುತ್ತಾರೆ. ಹಾಲಿನ ಗಾಡಿಯವನಿಗೆ ಗೊತ್ತಿಲ್ಲದ ಮನೆಸುದ್ದಿ ಇರುವುದಿಲ್ಲ. ಒಂದು ಮುಂಜಾನೆ ಬಂದವರು, “ಚಿಕ್ಕೋಡ್ಯಾಗ ಒಂದು ಜೈನರ ಮನಿ ಐತಂತ. ಆಯಿ ಒಬ್ಬಾಕಿನ ಇರ್ತಾಳ, ಮಾರತಾಳಂತ. ಆಷಾಢ ಅಂತ ಯಾರೂ ಹೊಳ್ಳಿ ನೋಡವಲ್ಲರು” ಎಂದರು. ಯಾರೂ ನೋಡುತ್ತಿಲ್ಲ ಎಂಬ ಮಾತು ಕೇಳಿದ್ದೇ ನನ್ನ ಕಿವಿ ನೆಟ್ಟಗಾದವು. ಹೊಲಿಗೆಯಂತೂ ಇರಲಿಲ್ಲ. ಮಾಘದಲ್ಲಿ ಕೊಂಡ ಛತ್ರಿ ಬಿಚ್ಚಿ ಹೊರಟೆ.

ಹೋದಾಗ ಮಳೆ ಕುಂಭದ್ರೋಣ ಸುರಿಯುತ್ತಿತ್ತು. ಬಾಗಿಲು ತೆರೆದ ಆಯಿಯ ಕೈಯಲ್ಲಿ ಬಕೀಟು ಇತ್ತು. ನಮ್ಮ ಅತ್ತೆಗಿಂತ ಒಂದು ತಲೆಮಾರು ಹಿರಿಯರು, ಬಿಳಿ ಸೀರೆ, ನೆಟ್ಟಗಿನ ಬೆನ್ನು. ಮನೆ ನೋಡಲು ಬಂದೆ ಎಂದೆ. “ಈ ಮಳ್ಯಾಗ? ಶಾಣ್ಯಾಕಿ ಅದಿ ನೀ” ಎಂದು ನಕ್ಕು, ಒಳಗೆ ಕರೆದು, ಚಪ್ಪಲಿ ಬಿಡುವ ಮೊದಲೇ ತೋರಿಸಿದರು: “ನೋಡವಾ, ಇಲ್ಲಿ ಸೋರತೈತಿ. ಅಲ್ಲಿ ಮೂಲ್ಯಾಗ ಹನಿ ಬೀಳತೈತಿ. ಉಳದದ್ದು ಬೆಚ್ಚಗ ಐತಿ. ಹಂಚ ನಾಕು ಹೊಳ್ಳಿಸಿದ್ರ ಇದೂ ನಿಲ್ಲತೈತಿ.”

ಮಾರುವವರೇ ಬಕೀಟು ಹಿಡಿದು ಸೋರುವ ಜಾಗ ತೋರಿಸುವುದನ್ನು ಸೀಜನ್ನಿನಲ್ಲಿ ಎಲ್ಲಿ ಕಂಡೀರಿ? ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮನೆಯನ್ನೆಲ್ಲ ಸಾವಕಾಶ ಸುತ್ತಿ ನೋಡಿದೆ. ನೀರು ಅಂಗಳದಿಂದ ಇಳಿದು ಓಣಿಗೆ, ಓಣಿಯಿಂದ ಇಳಿಜಾರಿಗೆ ಓಡುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಪಡಸಾಲೆಯಲ್ಲಿ ಉತ್ತರದ ಕಿಟಕಿ, ಅಂಥ ಮೋಡದ ದಿನವೂ ಅದರಡಿ ಸೂಜಿಗೆ ದಾರ ಪೋಣಿಸಬಹುದು. ಹಿಂದೆ ಎಮ್ಮೆಗೆ ಒಣ ಜಾಗ. ಹತ್ತಬೇಕಾದ ಮೆಟ್ಟಿಲು ಎಲ್ಲೂ ಇಲ್ಲ, ಒಂದು ಗಿಡ್ಡ ಹೊಸ್ತಿಲು ಮಾತ್ರ. ಅತ್ತೆಯ ಮೊಣಕಾಲು ನೆನಪಾದವು. ಅಲ್ಲೇ ಕಣ್ಣಲ್ಲಿ ನೀರು ಬಂತು. ಮಳೆಯ ನೀರು ಅಂತ ಒರೆಸಿಕೊಂಡೆ.

ಯಾಕೆ ಮಾರುತ್ತೀರಿ ಅಂತ ಕೇಳಿದೆ. ನಿಪ್ಪಾಣಿಯಲ್ಲಿ ಮಗಳಿದ್ದಾಳೆ, ಈ ವರ್ಷ ಮುನಿಗಳ ಚಾತುರ್ಮಾಸ ಅದೇ ಊರಲ್ಲಿ, ಮಳೆಗಾಲದ ನಾಲ್ಕು ತಿಂಗಳು ಅವರು ಅಲ್ಲಿಂದ ಕದಲುವುದಿಲ್ಲ. ದಿನಾ ಪ್ರವಚನ ಕೇಳಬೇಕು, ಕೈಯಾರೆ ಆಹಾರ ಕೊಡಬೇಕು, ಮುಂದೆ ಮಗಳ ಹತ್ತಿರವೇ ಉಳಿಯಬೇಕು ಎಂಬುದು ಅವರ ಆಸೆ. “ಶ್ರಾವಣದ ತನಕ ನಿಂತ್ರ ಇನ್ನೂ ಮಂದಿ ಬರ್ತಾರ, ಹೆಚ್ಚಿಗಿ ಕೊಡ್ತಾರ, ಖರೆ. ನಂಗ ಹೆಚ್ಚಿಂದ ಬ್ಯಾಡ, ಲಗೂ ಬೇಕಾಗೈತಿ” ಎಂದರು. ನನಗೂ ಲಗೂನೇ ಬೇಕಾಗಿತ್ತು. ಚೌಕಾಸಿ ಮಾಡಲು ಹೋದವಳು ಚಹಾ ಕುಡಿದು, ಅವರ ಹಾಸಿಗೆ ಮಡಚಲು ನೆರವಾಗಿ ಬಂದೆ.

ಇನ್ನು ಉಳಿದದ್ದು ಅತ್ತೆ. ಹೊಳೆ ದಂಡೆಯ ಮನೆ ಅವರ ಹೆಸರಿನಲ್ಲಿತ್ತು, ಅವರು ಹೂಂ ಎನ್ನದೆ ಮಗ ಕದಲುವವರಲ್ಲ. ನಾನು ಹಂಚು, ಕಿಟಕಿ, ಇಳಿಜಾರು ಎಲ್ಲ ವರ್ಣಿಸಿ ಮುಗಿಸುವ ತನಕ ಅವರು ಎಮ್ಮೆಗೆ ಹಿಂಡಿ ಕಲಸುತ್ತಿದ್ದರು. ಆಮೇಲೆ, “ಆಷಾಢದಾಗ ಒಂದು ಕಸಬರಿಗಿ ತಗೋಬಾರದು. ಇಕಿ ಮನಿ ತಗೊಳ್ಳಾಕ ಹೊಂಟಾಳ” ಎಂದರು.

“ಶ್ರಾವಣಕ್ಕ ಆ ಮನಿ ನಮಗ ಉಳಿಯೂದಿಲ್ಲರಿ ಅತ್ತಿ.”

“ಉಳೀದಿದ್ರ ಬಿಡು.”

ನನಗೆ ರೇಗಿತು. “ಎಣ್ಣಿ ಬಂದಾಗ ಕಣ್ಣ ಮುಚ್ಚಿಕೊಂಡ್ರಂತ, ಹಂಗಾತು ನಿಮ್ಮದು!” ಎಂದುಬಿಟ್ಟೆ. ಯಜಮಾನರು ಹಾಲಿನ ಕ್ಯಾನು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ನಮ್ಮಿಬ್ಬರ ನಡುವೆ ಮಾತು ಬೆಳೆದಾಗಲೆಲ್ಲ ಅವರ ಕ್ಯಾನುಗಳು ಬಹಳ ಹೊಲಸಾಗಿರುತ್ತವೆ.

ರಾತ್ರಿ ಉಣ್ಣುವಾಗ ಅತ್ತೆ ತಾವಾಗಿಯೇ ಒಂದು ತೀರ್ಪು ಕೊಟ್ಟರು. ಹೊಸ ಮನೆ ಎಂದರೆ ಹೊಸ ಸೊಸೆ ಇದ್ದ ಹಾಗೆ. ಆಷಾಢದಲ್ಲಿ ಅತ್ತೆ ಹೊಸ ಸೊಸೆಯ ಮುಖ ನೋಡಬಾರದು, ಇಬ್ಬರೂ ಒಂದೇ ಹೊಸ್ತಿಲು ದಾಟಬಾರದು. ಅದಕ್ಕಾಗಿಯೇ ಹೊಸದಾಗಿ ಮದುವೆಯಾದವಳನ್ನು ಈ ತಿಂಗಳು ತವರಿಗೆ ಕಳಿಸುವುದು. “ನೀವು ತಗೋರಿ, ನಾ ಬ್ಯಾಡನ್ನೂದಿಲ್ಲ. ಆದ್ರ ಶ್ರಾವಣದ ತನಕ ನಾ ಅದರ ಮುಖಾ ನೋಡೂದಿಲ್ಲ, ಅದರಾಗ ಕಾಲ ಇಡೂದಿಲ್ಲ. ನಂತ್ರ ನನಗೂ ಅದಕ್ಕೂ ಜಗಳ ಹತ್ತಿದ್ರ ಯಾರ ಬಿಡಸಾವ್ರು?” ಎಂದರು. ಮನೆಗೂ ಅತ್ತೆಗೂ ಜಗಳ! ನನಗೆ ನಗು ತಡೆಯಲಾಗಲಿಲ್ಲ. ಆದರೆ ಅನುಮತಿ ಅನುಮತಿಯೇ. ಮರುದಿನವೇ ಹೋಗಿ ಮುಂಗಡ ಸಂಚಕಾರ ಕೊಟ್ಟು ಮಾತು ಕಟ್ಟಿದೆವು.

ಖರೀದಿ ಕೂಡ ಹೂವೆತ್ತಿದಷ್ಟು ಹಗುರವಾಗಿ ಆಯಿತು. ನೋಂದಣಿ ಕಚೇರಿಯಲ್ಲಿ ನಮ್ಮನ್ನು ಬಿಟ್ಟರೆ ನೊಣ ಹೊಡೆಯುವವರೇ. ಸುಗ್ಗಿಯಲ್ಲಿ ಕಾಲು ಹಿಡಿದರೂ ಬಾರದ ಗೌಂಡಿ ಕೆಲಸವಿಲ್ಲದೆ ಕೂತಿದ್ದ. ಕರೆದ ಸಂಜೆಯೇ ಬಂದು ನೋಡಿ, ಮಳೆ ಬಿಟ್ಟ ಗಳಿಗೆ ಹಿಡಿದು ಹಂಚು ಹೊಳ್ಳಿಸಿ ಕೂರಿಸಿದ. ಸರಿ ಕೂತಿತೇ ಇಲ್ಲವೇ ಅಂತ ಅನುಮಾನಪಡುವ ಕೆಲಸವೂ ಇರಲಿಲ್ಲ, ಅವನು ಏಣಿ ಇಳಿಯುವುದರೊಳಗೆ ಮತ್ತೊಂದು ಮಳೆ ಬಂದು ಪರೀಕ್ಷೆ ಮಾಡಿತು. ಒಂದು ಹನಿ ಬೀಳಲಿಲ್ಲ. ಆಯಿ ಬಕೀಟನ್ನು ಬೋರಲು ಹಾಕಿ ಕೈ ಮುಗಿದರು. ಅವರ ಸಾಮಾನು ನಿಪ್ಪಾಣಿಗೆ ಹೋಗಿತ್ತು. ಒಲೆ, ಎರಡು ಪಾತ್ರೆ, ಒಂದು ಹಾಸಿಗೆ ಇಟ್ಟುಕೊಂಡು ಚಾತುರ್ಮಾಸ ಶುರುವಾಗುವ ಚತುರ್ದಶಿಯ ಹೊತ್ತಿಗೆ ಹೊರಡುವವರಿದ್ದರು. ನಾವು ಶ್ರಾವಣಕ್ಕೆ ಬರುವವರು.

ಕೃಷ್ಣೆಗೆ ನಮ್ಮ ಪಂಚಾಂಗ ಯಾರು ಹೇಳಬೇಕು? ಚತುರ್ದಶಿ ನಾಳೆ ಎನ್ನುವಾಗ ಮೇಲಿಂದ ನೀರು ಬಿಟ್ಟರು. ಮುಂಜಾನೆ ಹೊಲದಲ್ಲಿದ್ದ ಹೊಳೆ ಮಧ್ಯಾಹ್ನ ನಮ್ಮ ಓಣಿಯ ಬಾಯಿಗೆ ಬಂತು. ಅತ್ತೆ ಎಮ್ಮೆಯ ಗೂಟದ ಹತ್ತಿರ ಕೂತಿದ್ದರು. ಹಿಂದಿನ ಸಲ ಆಡಿದ ಮಾತನ್ನು ಮತ್ತೆ ಆಡಲಿಲ್ಲ, ಏಳಲೂ ಇಲ್ಲ. ನಾನು ಎಮ್ಮೆಯ ಹಗ್ಗ ಬಿಚ್ಚಿದೆ. ಪಕ್ಕದವರ ಟ್ರಾಲಿಯಲ್ಲಿ ಎಮ್ಮೆ ಹೊರಟಿತು, ಎಮ್ಮೆ ಹೊರಟ ಮೇಲೆ ಅತ್ತೆಗೆ ಕೂರಲಾಗಲಿಲ್ಲ. ಹಾಲಿನ ಗಾಡಿಯ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿ, ಗಂಟುಗಳನ್ನು ಹಿಂದೆ ತುಂಬಿ, ಸೀದಾ ಚಿಕ್ಕೋಡಿಗೆ ಹೊಡೆಸಿದೆ.

ಗಾಡಿ ಹೊಸ ಮನೆಯ ಮುಂದೆ ನಿಂತಿತು. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು.

“ಇಳೀರಿ ಅತ್ತಿ.”

“ಆಷಾಢ ಐತಿ. ನಾ ಇಳಿಯೂದಿಲ್ಲ. ಶಾಲಿಗೆ ಬಿಡ್ರಿ.”

“ಶಾಲಿ ಬ್ಯಾಡ ಅಂದಾವ್ರು ನೀವ!”

“ಹಂಗಾರ ಗಾಡ್ಯಾಗ ಕೂಡ್ತೀನಿ.”

ಮಗ ಬೇಡಿಕೊಂಡರು, ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಳೆಯ ಬಾಯಿಂದ ತಪ್ಪಿಸಿಕೊಂಡು ಬಂದವರು ಮನೆಯ ಬಾಗಿಲಲ್ಲಿ, ಸುರಿಯುವ ಮಳೆಯಲ್ಲಿ ಹಠ ಹಿಡಿದರೆ ಯಾರಿಗೆ ತಡೆದೀತು? ನಡುಬೀದಿ ಎನ್ನದೆ ನಾನು ಕೂಗಾಡಿದೆ. ಅವರೂ ಸೆರಗಿನೊಳಗಿಂದಲೇ ಕೂಗಾಡಿದರು. ಚಿಕ್ಕೋಡಿಯ ಆ ಓಣಿಗೆ ನಮ್ಮ ಪರಿಚಯ ಆದದ್ದು ಹಾಗೆ.

ಗದ್ದಲ ಕೇಳಿ ಆಯಿ ಛತ್ರಿ ಹಿಡಿದು ಹೊರಗೆ ಬಂದರು. ನಾನು ಅಳುತ್ತ, ಬಯ್ಯುತ್ತ ಎಲ್ಲ ಹೇಳಿದೆ: ಹೊಸ ಮನೆ ಹೊಸ ಸೊಸೆಯಂತೆ, ಅತ್ತೆ ಮುಖ ನೋಡಬಾರದಂತೆ. ಆಯಿ ನಗಲಿಲ್ಲ. ಗಾಡಿಯ ಬಾಗಿಲಿಗೆ ಹೋಗಿ ಸೆರಗಿನೊಳಗಿನ ಅತ್ತೆಯನ್ನು ಕೇಳಿದರು, “ನಿನ್ನ ತವರ ಎಲ್ಲೈತಿ ತಂಗಿ?”

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಅಂದರು, “ಇಲ್ಲರಿ. ಅಥಣಿ ಕಡೆ ಹೊಳಿ ದಂಡಿಗಿತ್ತು. ನಾ ಲಗ್ನ ಆಗಿ ಬಂದ ವರ್ಷನ ಹೊಳಿಗಿ ಹೋತು. ಅಣ್ಣತಮ್ಮಂದಿರು ದಿಕ್ಕಾಪಾಲಾದ್ರು.”

ಇಷ್ಟು ವರ್ಷ ಜತೆಗಿದ್ದು ನನಗೆ ಇದು ಗೊತ್ತಿರಲಿಲ್ಲ. ತವರಲ್ಲಿ ಯಾರೋ ತೀರಿಕೊಂಡು ಹೋಗಬರುವುದು ನಿಂತಿರಬೇಕು ಅಂತ ತಿಳಿದಿದ್ದೆ.

“ಅಲ್ಲವಾ,” ಎಂದರು ಆಯಿ, “ಆಷಾಢದಾಗ ಹೆಣ್ಣಮಗಳು ಗಂಡನ ಮನ್ಯಾಗ ಇರಬಾರದು ಅಂತೀ. ಹಂಗಾರ ಎಲ್ಲಿಗಿ ಹೋಗಬೇಕು? ತವರಿಗಿ. ಕಾಗದದಾಗ ಈ ಮನಿ ಯಾರದರೆ ಇರಲಿ, ಒಳಗ ಒಲಿ ನಾ ಹಚ್ಚೀನಿ. ನಾ ಇರೂತನಕ ಇದು ನನ್ನ ಮನಿ. ನಾ ನಿಮ್ಮವ್ವನ ವಾರಿಗಿಯಾಕಿ, ಆಕಿ ವಯಸ್ಸಿನಾಕಿ. ನೀ ಅತ್ತಿ ಆಗಿ ಬರಬ್ಯಾಡ, ಮಗಳಾಗಿ ಬಾ.”

ಸೆರಗು ಅಲುಗಾಡಲಿಲ್ಲ. ಆಯಿ ಮೋಡದ ಕಡೆ ನೋಡಿ ಇನ್ನೊಂದು ಮಾತು ಸೇರಿಸಿದರು: “ಹೊತ್ತ ಮುಣಗಿದ ಮ್ಯಾಲ ನಾ ಉಣ್ಣೂದಿಲ್ಲ, ನಮ್ಮ ಧರ್ಮ ಅದು. ಮಗಳನ್ನ ಬಾಗಲಾಗ ಬಿಟ್ಟು ಮೊದಲ ಉಣ್ಣೂದೂ ಇಲ್ಲ. ಹೊತ್ತ ಮುಣಗಾಕ ಬಂತು. ನನ್ನನ್ನ ಉಪಾಸ ಕೆಡವ್ತಿಯೋ, ಇಳೀತಿಯೋ?”

ನಮ್ಮ ಅತ್ತೆ ಯಾರ ಮಾತಿಗಾದರೂ ಎದುರು ಮಾತು ಕೊಡಬಲ್ಲರು, ಆದರೆ ಒಬ್ಬರನ್ನು ಹಸಿವಿನಿಂದ ಕೂರಿಸಲಾರರು. ಸೆರಗಿನಡಿಯಿಂದ ಒಂದು ಕಾಲು ಹೊರಬಂತು. ಮಗ ಎತ್ತಿಕೊಳ್ಳಲು ಹೋದರೆ ಕೈ ತಳ್ಳಿದರು. ಆಯಿ ಒಳಗಿನಿಂದ ತಂಬಿಗೆ ತಂದು ಅವರ ಕಾಲಿಗೆ ನೀರು ಹಾಕಿ, ರೊಟ್ಟಿಯ ಚೂರು ನಿವಾಳಿಸಿ ಒಗೆದು, ಕೈ ಹಿಡಿದು ಆ ಗಿಡ್ಡ ಹೊಸ್ತಿಲು ದಾಟಿಸಿದರು. ದಾಟಿದ ಮೇಲೆ ಅತ್ತೆ ಸೆರಗು ಸರಿಸಿದರು. ಮೊದಲು ನೋಡಿದ್ದು ಒಲೆಯನ್ನು. “ಒಲಿ ಉರಿಯಾಕತ್ತೈತಿ” ಎಂದು ಸಣ್ಣ ಹುಡುಗಿಯ ಹಾಗೆ ಅಂದರು, ಅಂದು ಜೋರಾಗಿ ಅತ್ತುಬಿಟ್ಟರು. ಹೊತ್ತು ಮುಳುಗುವ ಮೊದಲು ಎಲ್ಲರೂ ಸೇರಿ ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ ಉಂಡೆವು.

ಮರುದಿನ ಆಯಿ ಹೊರಡಲಿಲ್ಲ, ಅದರ ಮರುದಿನವೂ ಹೊರಡಲಿಲ್ಲ. ನಿಪ್ಪಾಣಿಯ ಮಗಳು ಫೋನು ಮಾಡಿದರೆ, “ಮುನಿಗಳು ನಾಕ ತಿಂಗಳ ಅಲ್ಲೇ ಕೂಡ್ತಾರ, ಎಲ್ಲೂ ಓಡಿ ಹೋಗೂದಿಲ್ಲ. ಇಲ್ಲಿ ನನ್ನ ಮಗಳ ಬಂದಾಳ” ಎನ್ನುತ್ತಿದ್ದರು. ಅವರು ಹೋದರೆ ಅದು ತವರಾಗಿ ಉಳಿಯುವುದಿಲ್ಲವಲ್ಲ, ಅದಕ್ಕೆ ನಿಂತರು. ಯಾವ ಪ್ರವಚನಕ್ಕಾಗಿ ಮನೆಯನ್ನೇ ಮಾರಿದ್ದರೋ ಅದನ್ನು ನಮ್ಮ ಅತ್ತೆಗಾಗಿ ಮುಂದಕ್ಕೆ ಹಾಕಿದರು. ಒಂದು ದಿನ ನಾನು ಕಿಟಕಿಯ ಹತ್ತಿರ ಮಶೀನು ಹೂಡುತ್ತಿದ್ದಾಗ ನೋಡುತ್ತೇನೆ, ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅತ್ತೆಯ ತಲೆಗೆ ಎಣ್ಣೆ ತಿಕ್ಕುತ್ತಿದ್ದಾರೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಎಣ್ಣೆ ಬಂದಾಗ ಕಣ್ಣು ಮುಚ್ಚುವುದು ಮೂರ್ಖತನ ಅಂತ ಗಾದೆ ಮಾಡಿದವರು ಈ ಮುಖ ನೋಡಿರಲಿಲ್ಲ.

ಶ್ರಾವಣದ ಮೊದಲ ದಿನ ಆಯಿ ನಿಪ್ಪಾಣಿಗೆ ಹೊರಟರು. ಅತ್ತೆ ಗಾಡಿಯವರೆಗೆ ಹೋಗಿ ಕಳಿಸಿ, ಕಣ್ಣೊರೆಸಿಕೊಂಡು ತಿರುಗಿ ಬಂದರು. ಈ ಸಲ ಹೊಸ್ತಿಲ ಮೇಲೆ ನಿಂತು ಮನೆಯನ್ನು ಮೇಲಿಂದ ಕೆಳಗೆ ನೋಡಿದರು. “ಅಡಗಿಮನಿ ಕಿಡಕಿ ಭಾಳ ಸಣ್ಣದಾತು. ಆಷಾಢದಾಗ ತಗೊಂಡ್ರ ಹಿಂಗ ಆಗೂದು” ಎಂದರು. ಸೊಸೆಯ ಮುಖ ನೋಡಿದ್ದಾಯಿತು, ಅತ್ತೆತನ ಶುರುವಾಯಿತು ಅಂತ ನಾನು ಬಿದ್ದು ಬಿದ್ದು ನಕ್ಕೆ. ಆ ಕಿಟಕಿಯ ಜತೆ ಅವರ ಜಗಳ ಇನ್ನೂ ಮುಗಿದಿಲ್ಲ.

ಹೊಳೆ ಆಮೇಲೂ ಬಂದಿದೆ, ಹೋಗಿದೆ. ನಾವು ಸುದ್ದಿ ಕೇಳುತ್ತೇವೆ ಅಷ್ಟೆ. ಈ ಮನೆಯಲ್ಲಿ ಈಗ ವರ್ಷಕ್ಕೆ ಒಂದೇ ಗಂಟು ಕಟ್ಟುವುದು. ಆಷಾಢದ ಮೊದಲ ದಿನ ಅತ್ತೆ ಎರಡು ಸೀರೆ, ಬಾಚಣಿಗೆ, ಎಣ್ಣೆಯ ಬಾಟಲಿ ಸೇರಿಸಿ ತಾವೇ ಒಂದು ಸಣ್ಣ ಗಂಟು ಕಟ್ಟುತ್ತಾರೆ. ಅದನ್ನು ಬಗಲಲ್ಲಿಟ್ಟುಕೊಂಡು ಮುಂಬಾಗಿಲಿಂದ ಹೊರಡುತ್ತಾರೆ, ಕೋಲೂರಿಕೊಂಡು ಮನೆಯನ್ನು ಒಂದು ಸುತ್ತು ಹಾಕಿ, ತವರಿಗೆ ಹೋಗಿಬರುತ್ತೇನೆಂದು ಎಮ್ಮೆಗೆ ಹೇಳಿ, ಹಿತ್ತಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ನಾನು ತಂಬಿಗೆಯಲ್ಲಿ ನೀರು, ರೊಟ್ಟಿಯ ಚೂರು ಹಿಡಿದು ಕಾಯುತ್ತಿರುತ್ತೇನೆ. ಆ ಇಡೀ ತಿಂಗಳು ಅವರು ಒಂದು ಕೆಲಸ ಮುಟ್ಟುವುದಿಲ್ಲ, ಕಿಟಕಿಯನ್ನೂ ಬಯ್ಯುವುದಿಲ್ಲ. ಹೊಲಿಗೆಯಿಲ್ಲದ ತಿಂಗಳು, ನನಗೂ ಪುರುಸೊತ್ತು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅವರ ತಲೆಗೆ ಎಣ್ಣೆ ತಿಕ್ಕುತ್ತೇನೆ.

“ಸಾವಕಾಶ ತಿಕ್ಕವಾ” ಎನ್ನುತ್ತಾರೆ ಕಣ್ಣು ಮುಚ್ಚಿಕೊಂಡು. “ಶ್ರಾವಣಕ್ಕ ಇನ್ನೂ ಟೈಮ್ ಐತಿ.”